ಲೈಂಗಿಕತೆ ಬಗ್ಗೆ ಪ್ರಾಜೆಕ್ಟ್ ಮಾಡಬಹುದಾ? ಮೈಸೂರು–ಮಂಡ್ಯದ ವಿದ್ಯಾರ್ಥಿಗಳಿಗೆ ಹಂತಹಂತದ ದಾರಿ

ಪ್ರಾಜೆಕ್ಟ್ ವಿಷಯ ಆರಿಸುವ ತಿಂಗಳು ಬಂತೆಂದರೆ ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬರುತ್ತದೆ. ಮಾನಸಗಂಗೋತ್ರಿಯಲ್ಲಿ ಮನೋವಿಜ್ಞಾನ ಓದುವವರು, ಎಂಎಸ್‌ಡಬ್ಲ್ಯೂ ಮಾಡುವವರು, ನರ್ಸಿಂಗ್ ಕಾಲೇಜಿನವರು, ಮಂಡ್ಯದಲ್ಲಿ ಸಮಾಜಶಾಸ್ತ್ರ ಎಂಎಗೆ ಸೇರಿದವರು ಎಲ್ಲರೂ ಕೇಳುವುದು ಇಷ್ಟೇ: “ಲೈಂಗಿಕತೆ ಬಗ್ಗೆ ಪ್ರಾಜೆಕ್ಟ್ ಮಾಡಬಹುದಾ? ಗೈಡ್ ಒಪ್ಪುತ್ತಾರಾ? ಜನ ಬಾಯಿ ಬಿಡ್ತಾರಾ? ಆಮೇಲೆ ಏನಾದ್ರೂ ಕೇಸ್ ಆದ್ರೆ?”

ಮಾಡಬಹುದು. ಪ್ರಶ್ನೆ ಚಿಕ್ಕದಾಗಿದ್ದರೆ ಗೈಡ್ ಒಪ್ಪುತ್ತಾರೆ. ಕೇಳುವ ಕ್ರಮ ಸರಿಯಿದ್ದರೆ ಜನ ಬಾಯಿ ಬಿಡುತ್ತಾರೆ, ಎಷ್ಟೋ ಸಲ ನಾವು ನೆನೆಸಿದ್ದಕ್ಕಿಂತ ಹೆಚ್ಚೇ. ಕಾನೂನಿನ ವಿಷಯಕ್ಕೆ ಐದನೇ ಹಂತದಲ್ಲಿ ಬರುತ್ತೇವೆ. ಅದನ್ನು ಮಾತ್ರ ಹಾರಿಸಬೇಡಿ. 1924ರಲ್ಲೇ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಶುರುವಾದ ಊರು ಇದು. ಇಲ್ಲಿ ಕೂತು ಈ ವಿಷಯ ಎತ್ತಲು ನಾಚಿಕೆ ಪಡಬೇಕಾದ ಕಾರಣವಿಲ್ಲ.

ಶುರುವಿಗೆ ಮುಂಚೆ ಕೈಯಲ್ಲಿ ಇರಬೇಕಾದವು: ಒಂದು ಪೂರ್ತಿ ಸೆಮಿಸ್ಟರ್ ಸಮಯ, ಅದರಲ್ಲಿ ಅನುಮತಿಗೆಂದೇ ಆರರಿಂದ ಎಂಟು ವಾರ, ನಿಮ್ಮ ವಿಭಾಗದ ಗೈಡ್ ಜೊತೆಗೆ ವೈದ್ಯಕೀಯ ಹಿನ್ನೆಲೆಯ ಒಬ್ಬ ಸಲಹೆಗಾರರು, ನೀವು ಗಂಡಾದರೆ ಜೊತೆಗೆ ಒಬ್ಬ ಹೆಣ್ಣುಮಗಳು, ಹೆಣ್ಣಾದರೆ ಒಬ್ಬ ಗಂಡು ಸಹಪಾಠಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ದುಡ್ಡು ಹೆಚ್ಚು ಬೇಕಿಲ್ಲ. ಜೆರಾಕ್ಸ್, ಬಸ್ ಚಾರ್ಜು, ರಟ್ಟಿನ ಡಬ್ಬ, ಇಷ್ಟೇ.

1. ಪ್ರಶ್ನೆಯನ್ನು ಮೂರು ಪದರಕ್ಕೆ ಬಿಡಿಸಿ

“ಗ್ರಾಮೀಣ ಪುರುಷರ ಲೈಂಗಿಕ ಸಮಸ್ಯೆಗಳು: ಒಂದು ಅಧ್ಯಯನ” ಎಂಬಂಥ ಶೀರ್ಷಿಕೆ ಗೈಡ್ ಮೇಜಿನ ಮೇಲೆ ಬಿದ್ದ ತಕ್ಷಣ ವಾಪಸಾಗುತ್ತದೆ. ಆಗಲೇಬೇಕು. ಅದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಅಧ್ಯಯನಗಳು ತುರುಕಿಕೊಂಡಿರುತ್ತವೆ.

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಮಳವಳ್ಳಿ ಕಡೆಯ ನಲವತ್ತೈದರ ರೈತ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಈಚೆಗೆ ಬಿಪಿ ಮಾತ್ರೆ, ಜೊತೆಗೆ ಸಾಲ. ನಿಮಿರುವಿಕೆ ಸರಿಯಾಗುತ್ತಿಲ್ಲ. ಹೆಂಡತಿಗೆ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ. ತಿಂಗಳಿಗೊಮ್ಮೆ ಲಾಡ್ಜಿಗೆ ಬಂದು ಕೂರುವ ‘ಗುಪ್ತರೋಗ ತಜ್ಞ’ರಿಗೆ ದುಡ್ಡು ಸುರಿದಿದ್ದಾರೆ.

ಇಲ್ಲಿ ಜೈವಿಕ ಪದರವಿದೆ: ಮಧುಮೇಹ ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ಹಾಳು ಮಾಡುತ್ತದೆ, ಕೆಲವು ಬಿಪಿ ಮಾತ್ರೆಗಳೂ ನಿಮಿರುವಿಕೆಗೆ ಅಡ್ಡಿ. ಮಾನಸಿಕ ಪದರವಿದೆ: ಒಂದು ಸಲ ಆಗಲಿಲ್ಲವೆಂದರೆ ಮುಂದಿನ ಸಲ ‘ಆಗುತ್ತದೋ ಇಲ್ಲವೋ’ ಎಂಬ ದಿಗಿಲೇ ಕೆಡಿಸುತ್ತದೆ. ಸಾಮಾಜಿಕ ಪದರವಿದೆ: ಗಂಡಸ್ತನದ ಮಾತು, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಊರವರು ನೋಡಿಬಿಟ್ಟಾರು ಎಂಬ ಭಯ, ಲಾಡ್ಜಿನ ಗುಟ್ಟು ಕೊಡುವ ಸಮಾಧಾನ.

ಈ ಮೂರೂ ಒಂದೇ ಮನುಷ್ಯನ ಮೈಯಲ್ಲಿ ಸೇರಿಕೊಂಡಿವೆ, ನಿಜ. ಜಾರ್ಜ್ ಎಂಗೆಲ್ ಎಂಬ ವೈದ್ಯ 1977ರಲ್ಲಿ ಮಂಡಿಸಿದ ಜೈವಿಕ–ಮಾನಸಿಕ–ಸಾಮಾಜಿಕ ಮಾದರಿ ಹೇಳುವುದೂ ಅದನ್ನೇ. ಆದರೆ ನಿಮ್ಮ ಪ್ರಾಜೆಕ್ಟ್ ಒಂದು ಪದರವನ್ನು ಮಾತ್ರ ಅಳೆಯಬೇಕು, ಉಳಿದೆರಡನ್ನು ತಿಳಿದಿರಬೇಕು. ಈ ಕ್ಷೇತ್ರದಲ್ಲಿ ಹೆಚ್ಚಿನ ಪ್ರಬಂಧಗಳು ಮಣ್ಣು ಮುಕ್ಕುವುದು ಒಂದು ಪದರದ ಪ್ರಶ್ನೆಗೆ ಇನ್ನೊಂದು ಪದರದ ಅಂಕಿಯಿಂದ ಉತ್ತರ ಕೊಡಲು ಹೋಗಿ. ಹಾರ್ಮೋನ್ ಅಳೆಯದೆ ‘ಹಾರ್ಮೋನಿನಿಂದ’ ಎಂದು ಬರೆಯುವುದು, ಹತ್ತು ಜನರ ಸಂದರ್ಶನದಿಂದ ‘ಜಿಲ್ಲೆಯಲ್ಲಿ ಇಷ್ಟು ಶೇಕಡ’ ಎಂದು ಬರೆಯುವುದು, ಹೀಗೆ.

ಹಾಗಾದರೆ ಶೀರ್ಷಿಕೆ ಹೇಗಿರಬೇಕು? “ಮಳವಳ್ಳಿ ತಾಲ್ಲೂಕಿನ ಒಂದು ಹೋಬಳಿಯಲ್ಲಿ, ಮಧುಮೇಹವಿರುವ ಪುರುಷರು ಲೈಂಗಿಕ ತೊಂದರೆಗೆ ಮೊದಲು ಯಾರ ಬಳಿ ಹೋಗುತ್ತಾರೆ, ಏಕೆ?” ಇದು ಸಾಮಾಜಿಕ ಪದರದ ಪ್ರಶ್ನೆ. ಒಂದು ಸೆಮಿಸ್ಟರಿನಲ್ಲಿ ಮುಗಿಯುತ್ತದೆ.

2. ಜೀವಶಾಸ್ತ್ರ ಸರಿಯಾಗಿ ಕಲಿತು ಬನ್ನಿ

ಸಮಾಜವಿಜ್ಞಾನದವರು ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ವೈವಾದಲ್ಲಿ ಸಿಕ್ಕಿಬೀಳುತ್ತಾರೆ. ನೀವು ಯಾರ ರಕ್ತವನ್ನೂ ತೆಗೆಯಬೇಕಾಗಿಲ್ಲ, ತೆಗೆಯಲೂಬಾರದು. ಆದರೆ ಈ ಕೆಳಗಿನಷ್ಟು ಬಾಯಿಪಾಠವಲ್ಲ, ಅರ್ಥವಾಗಿರಬೇಕು.

ಮೊದಲನೆಯದು, ‘ಲಿಂಗ’ (ಗಂಡು–ಹೆಣ್ಣು ಎಂಬ ಭೇದ) ಎಂಬುದು ದೇಹದಲ್ಲೇ ಒಂದೇ ವಸ್ತುವಲ್ಲ. ವರ್ಣತಂತು, ಬೀಜಗ್ರಂಥಿ (ವೃಷಣ ಅಥವಾ ಅಂಡಾಶಯ), ಹಾರ್ಮೋನು, ಒಳ ಅಂಗ, ಹೊರ ಅಂಗ, ಇವು ಬೇರೆ ಬೇರೆ ಹಂತಗಳು. ಗರ್ಭದಲ್ಲಿ ಮೊದಲ ಆರು ವಾರಗಳಷ್ಟು ಕಾಲ ಎರಡೂ ಬಗೆಯ ಭ್ರೂಣಗಳ ರಚನೆ ಒಂದೇ ರೀತಿ ಇರುತ್ತದೆ. ವೈ ವರ್ಣತಂತುವಿನ ಮೇಲಿರುವ ಎಸ್‌ಆರ್‌ವೈ ಎಂಬ ಜೀನ್ (ಇದನ್ನು ಗುರುತಿಸಿದ್ದು 1990ರಲ್ಲಿ) ಕೆಲಸ ಶುರುಮಾಡಿದರೆ ಗ್ರಂಥಿ ವೃಷಣವಾಗುವ ಹಾದಿ ಹಿಡಿಯುತ್ತದೆ. ಶಿಶ್ನವೂ ಯೋನಿಯ ಚಂದ್ರನಾಡಿಯೂ (ಕ್ಲಿಟೊರಿಸ್) ಹುಟ್ಟುವುದು ಒಂದೇ ಮೊಳಕೆಯಿಂದ. ವೃಷಣಚೀಲಕ್ಕೂ ಹೊರ ಯೋನಿತುಟಿಗಳಿಗೂ ಮೂಲ ಒಂದೇ. ಈ ಹಂತಗಳು ಒಂದಕ್ಕೊಂದು ತಾಳೆಯಾಗದೆ ಹೋಗಬಹುದು. ಎಕ್ಸ್‌ವೈ ವರ್ಣತಂತು ಇದ್ದೂ ದೇಹದ ಜೀವಕೋಶಗಳು ಟೆಸ್ಟೋಸ್ಟಿರಾನಿಗೆ ಸ್ಪಂದಿಸದಿದ್ದರೆ ಮಗು ಹೆಣ್ಣುದೇಹದೊಂದಿಗೆ ಹುಟ್ಟಿ ಬೆಳೆಯುತ್ತದೆ. ಮುಟ್ಟಾಗಲಿಲ್ಲವೆಂದು ಹದಿನಾರರಲ್ಲಿ ಆಸ್ಪತ್ರೆಗೆ ಬಂದಾಗಲೇ ವಿಷಯ ತಿಳಿಯುವುದುಂಟು. ಇಂಥವರನ್ನು ಅಂತರಲಿಂಗಿಗಳು ಎನ್ನುತ್ತಾರೆ. ಇದನ್ನೂ ಲಿಂಗತ್ವ ಅಲ್ಪಸಂಖ್ಯಾತರ ವಿಷಯವನ್ನೂ ಕಲಸಬೇಡಿ. ಮೊದಲನೆಯದು ದೇಹರಚನೆಯ ವಿಷಯ, ಎರಡನೆಯದು ತಾನು ಯಾರೆಂಬ ಅರಿವಿನ ವಿಷಯ.

ಎರಡನೆಯದು ಮುಟ್ಟಿನ ಚಕ್ರ. ವಯಸ್ಕರಲ್ಲಿ 21ರಿಂದ 35 ದಿನದವರೆಗಿನ ಚಕ್ರ ಸಹಜ. ಅಂಡ ಬಿಡುಗಡೆಯಾಗುವುದು ‘ಹದಿನಾಲ್ಕನೇ ದಿನ’ ಎಂದು ಪಠ್ಯ ಹೇಳುತ್ತದೆ, ಅದು 28 ದಿನದ ಚಕ್ರಕ್ಕೆ ಮಾತ್ರ. ಸರಿಯಾದ ಲೆಕ್ಕವೆಂದರೆ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. 35 ದಿನದ ಚಕ್ರದವರಿಗೆ ಅದು 21ನೇ ದಿನದ ಹತ್ತಿರ. ‘ಸೇಫ್ ದಿನ’ಗಳ ತಿಳಿವಳಿಕೆ ಅಳೆಯಲು ಹೊರಟವರು ತಾವೇ ಇಲ್ಲಿ ತಪ್ಪಿ, ಸರಿ ಉತ್ತರ ಕೊಟ್ಟವರಿಗೆ ಸೊನ್ನೆ ಹಾಕಿದ ಉತ್ತರಪಟ್ಟಿಗಳಿವೆ.

ಮೂರನೆಯದು ಉದ್ರೇಕದ ಯಂತ್ರ. ದೇಹ ನೆಮ್ಮದಿಯಾಗಿದ್ದಾಗ ಕೆಲಸ ಮಾಡುವ ನರವ್ಯೂಹ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿಸುತ್ತದೆ, ರಕ್ತನಾಳ ಸಡಿಲಗೊಂಡು ರಕ್ತ ತುಂಬುತ್ತದೆ. ಭಯವಾದಾಗ ಅಡ್ರಿನಲಿನ್ ನಾಳಗಳನ್ನು ಬಿಗಿ ಮಾಡುತ್ತದೆ. ‘ಮನಸ್ಸಿನ ತೊಂದರೆ’ ಎಂದರೆ ‘ಸುಮ್ಮನೆ’ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಬೆಳಗಿನ ಜಾವದ ನಿಮಿರುವಿಕೆ ಸರಿಯಿದ್ದು ಸಂಭೋಗದಲ್ಲಿ ಮಾತ್ರ ಆಗದಿದ್ದರೆ ಮಾನಸಿಕ ಕಾರಣದ ಕಡೆ ಒಲವು. ಎರಡೂ ಕ್ರಮೇಣ ಕುಂದಿದ್ದರೆ ರಕ್ತನಾಳ–ನರದ ಕಡೆ. ಅದರಲ್ಲೂ ನಲವತ್ತು ದಾಟಿದವರಲ್ಲಿ ಇದು ಹೃದಯದ ಕಾಯಿಲೆಗೆ ಮುನ್ಸೂಚನೆ ಆಗಬಹುದು. ಹಾಗಾಗಿ ಸಂದರ್ಶನದಲ್ಲಿ ಈ ಮಾತು ಬಂದರೆ ಬರೆದುಕೊಂಡು ಎದ್ದುಬರಬೇಡಿ, ಬಿಪಿ–ಶುಗರ್ ತೋರಿಸಿಕೊಳ್ಳಲು ಹೇಳಿ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಆಸೆ ತಗ್ಗಿಸುತ್ತವೆ ಎಂಬುದೂ ಗೊತ್ತಿರಲಿ.

ಇನ್ನು ಚಿಕ್ಕ ಚಿಕ್ಕವು. ಕನ್ಯಾಪೊರೆ ನೋಡಿ ಸಂಭೋಗವಾಗಿದೆಯೇ ಇಲ್ಲವೇ ಹೇಳಲು ಸಾಧ್ಯವಿಲ್ಲ. ‘ಎರಡು ಬೆರಳಿನ ಪರೀಕ್ಷೆ’ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿತು. ಚಂದ್ರನಾಡಿಯ ಹೆಚ್ಚಿನ ಭಾಗ ದೇಹದ ಒಳಗಿದೆ. ಸಲಿಂಗ ಆಕರ್ಷಣೆಗೆ ಒಂದೇ ‘ಜೀನ್’ ಇಲ್ಲ: 2019ರಲ್ಲಿ ಪ್ರಕಟವಾದ, ಸುಮಾರು 4.77 ಲಕ್ಷ ಜನರ ಅನುವಂಶಿಕ ಮಾಹಿತಿ ನೋಡಿದ ಅಧ್ಯಯನ ಕಂಡದ್ದು ಸಣ್ಣ ಸಣ್ಣ ಪ್ರಭಾವದ ಅನೇಕ ಜೀನುಗಳನ್ನು. ಅದರಿಂದ ಯಾರೊಬ್ಬರ ಒಲವನ್ನೂ ಮುಂಚೆ ಹೇಳಲಾಗದು.

3. ಮನಸ್ಸನ್ನು ಅಳೆಯುವ ಮಾಪಕಗಳು ಮತ್ತು ಅವುಗಳ ಗುಂಡಿಗಳು

ಲೈಂಗಿಕ ಸ್ಪಂದನೆಯ ಹಳೆಯ ಮಾದರಿ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು 1966ರಲ್ಲಿ ಕೊಟ್ಟದ್ದು: ಉದ್ರೇಕ, ಏರುಹಂತ, ಸುಖದ ತುದಿ, ಇಳಿತ. ಅದರಲ್ಲಿ ‘ಆಸೆ’ಗೆ ಜಾಗವೇ ಇರಲಿಲ್ಲ, ಆ ಹಂತವನ್ನು ಹೆಲೆನ್ ಸಿಂಗರ್ ಕಪ್ಲಾನ್ ಆಮೇಲೆ ಸೇರಿಸಿದರು. 2000ದಲ್ಲಿ ರೋಸ್‌ಮೇರಿ ಬ್ಯಾಸನ್ ಇನ್ನೊಂದು ಮಾತು ಹೇಳಿದರು. ಅನೇಕ ಹೆಂಗಸರಲ್ಲಿ ಆಸೆ ಮೊದಲು ಬರುವುದಿಲ್ಲ. ಆಪ್ತತೆ, ಸ್ಪರ್ಶ ಶುರುವಾದ ಮೇಲೆ ಅದಕ್ಕೆ ಪ್ರತಿಯಾಗಿ ಬರುತ್ತದೆ. “ನಿಮಗೆ ತಾನಾಗಿ ಆಸೆ ಆಗುತ್ತದೆಯೇ?” ಎಂದಷ್ಟೇ ಕೇಳಿ ‘ಇಲ್ಲ’ ಎಂದವರನ್ನೆಲ್ಲ ‘ಕಡಿಮೆ ಆಸೆ’ಯ ಪಟ್ಟಿಗೆ ಸೇರಿಸಿದರೆ ಅರ್ಧ ಊರು ರೋಗಿಯಾಗುತ್ತದೆ.

ಗಂಡಸರಿಗೆ ನಿಮಿರುವಿಕೆ ಅಳೆಯುವ ಐಐಇಎಫ್–5 ಎಂಬ ಐದು ಪ್ರಶ್ನೆಗಳ ಮಾಪಕ ಬಳಕೆಯಲ್ಲಿದೆ. ಗರಿಷ್ಠ ಅಂಕ 25. 21 ಅಥವಾ ಕಡಿಮೆ ಬಂದರೆ ತೊಂದರೆಯ ಸೂಚನೆ. ಹೆಂಗಸರಿಗೆ ಆಸೆ, ಉದ್ರೇಕ ಮುಂತಾದವನ್ನು ಕೇಳುವ ಎಫ್‌ಎಸ್‌ಎಫ್‌ಐ, 19 ಪ್ರಶ್ನೆ, ಗಡಿ ಅಂಕ 26.55. ಇದರಲ್ಲೊಂದು ದೊಡ್ಡ ಗುಂಡಿ ಇದೆ. ಎಫ್‌ಎಸ್‌ಎಫ್‌ಐ ಕಳೆದ ನಾಲ್ಕು ವಾರದ್ದನ್ನು ಮಾತ್ರ ಕೇಳುತ್ತದೆ, ಸಂಪರ್ಕವೇ ಇರಲಿಲ್ಲ ಎಂದರೆ ಸೊನ್ನೆ ಕೊಡುತ್ತದೆ. ಗಂಡ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಮಾತ್ರ ಊರಿಗೆ ಬರುವ ಮನೆಗಳು ಮಂಡ್ಯ ಕಡೆ ಬೇಕಾದಷ್ಟಿವೆ. ಆ ಹೆಂಗಸರೆಲ್ಲ ಅಂಕದ ಪ್ರಕಾರ ‘ಲೈಂಗಿಕ ದೋಷ’ ಉಳ್ಳವರಾಗಿಬಿಡುತ್ತಾರೆ. ಅಂಥವರನ್ನು ಮೊದಲೇ ಬೇರ್ಪಡಿಸಿ.

ಮಾಪಕದ ಅಂಕ ರೋಗನಿರ್ಣಯವಲ್ಲ. ಮನೋವೈದ್ಯರು ರೋಗ ಗುರುತಿಸಲು ಬಳಸುವ ಕೈಪಿಡಿ ಡಿಎಸ್‌ಎಂ–5 ಪ್ರಕಾರ ತೊಂದರೆ ಸುಮಾರು ಆರು ತಿಂಗಳಾದರೂ ಇರಬೇಕು ಮತ್ತು ಅದರಿಂದ ಆ ವ್ಯಕ್ತಿಗೆ ಸಂಕಟವಾಗುತ್ತಿರಬೇಕು. ಸಂಕಟವಿಲ್ಲದಿದ್ದರೆ ಅದು ಕಾಯಿಲೆಯಲ್ಲ. ಆದ್ದರಿಂದ “ಇದರಿಂದ ನಿಮಗೆ ಬೇಜಾರಾಗಿದೆಯೇ?” ಎಂಬ ಒಂದು ಪ್ರಶ್ನೆ ಜೊತೆಗಿರಲೇಬೇಕು. ಸಲಿಂಗ ಒಲವನ್ನು ಅಮೆರಿಕದ ಮನೋವೈದ್ಯಕೀಯ ಸಂಘ 1973ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ಅದನ್ನು ‘ಸರಿಪಡಿಸುತ್ತೇವೆ’ ಎನ್ನುವ ಚಿಕಿತ್ಸೆಯನ್ನು 2022ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ವೃತ್ತಿ ದುರ್ನಡತೆ ಎಂದಿದೆ. ಈಗಲೂ ಪ್ರಶ್ನಾವಳಿಯ ‘ವಿಕೃತಿಗಳು’ ಎಂಬ ಶೀರ್ಷಿಕೆಯಡಿ ಇದನ್ನು ಸೇರಿಸುವವರಿದ್ದಾರೆ. ಅಂಥ ಹಳೇ ಪ್ರಶ್ನಾವಳಿ ಕೈಗೆ ಸಿಕ್ಕರೆ ಬಿಸಾಡಿ.

ಇನ್ನೊಂದು: ಆಕರ್ಷಣೆ, ನಡವಳಿಕೆ, ಗುರುತು, ಈ ಮೂರಕ್ಕೂ ಮೂರು ಪ್ರತ್ಯೇಕ ಪ್ರಶ್ನೆ ಇಡಿ. ಗಂಡಸಿನೊಂದಿಗೆ ಸಂಪರ್ಕವಿರುವ ಗಂಡಸು ತನ್ನನ್ನು ‘ಗೇ’ ಎಂದು ಕರೆದುಕೊಳ್ಳಬೇಕೆಂದಿಲ್ಲ. ಮದುವೆಯಾಗಿ ಮಕ್ಕಳೂ ಇರಬಹುದು.

4. ಸಾಮಾಜಿಕ ಪದರ: ಈ ನೆಲದಲ್ಲಿ ಏನಿದೆ ನೋಡಿ

ಇಲ್ಲಿ ವಿಷಯಕ್ಕೆ ಬರವಿಲ್ಲ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಹೆಣ್ಣು ಸಿಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಅದೇ ವರ್ಷದ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಈ ಎರಡು ಸುದ್ದಿಯ ನಡುವೆ ನೇರ ಗೆರೆ ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ತಡೆದುಕೊಳ್ಳಿ. ಹೆಣ್ಣು ಸಿಗದಿರುವುದಕ್ಕೆ ವ್ಯವಸಾಯದ ಆದಾಯ, ಹೆಣ್ಣುಮಕ್ಕಳ ಓದು, ಪಟ್ಟಣದ ಕೆಲಸದ ಅಳಿಯ ಬೇಕೆಂಬ ಒತ್ತಡ, ಎಲ್ಲವೂ ಸೇರಿವೆ. ಯಾವುದಕ್ಕೆ ಎಷ್ಟು ಪಾಲು ಎಂದು ಹೇಳಲು ಪ್ರತ್ಯೇಕ ಅಧ್ಯಯನವೇ ಬೇಕು. ಆದರೆ ಮೂವತ್ತೈದು ದಾಟಿದ ಅವಿವಾಹಿತ ಗಂಡಸು ತನ್ನ ಲೈಂಗಿಕ ಬದುಕನ್ನು ಹೇಗೆ ನೋಡುತ್ತಾನೆ ಎಂಬುದನ್ನು ಕೇಳಿದವರು ಕಡಿಮೆ. ಒಳ್ಳೆಯ ಪ್ರಾಜೆಕ್ಟ್ ಅಲ್ಲಿದೆ. ಭ್ರೂಣಲಿಂಗ ಪತ್ತೆಯ ಬಗ್ಗೆ ಮಾತ್ರ “ಎಲ್ಲಿ ಮಾಡಿಸಿದಿರಿ?” ಎಂದು ವಿದ್ಯಾರ್ಥಿಗಳು ಕೇಳಲು ಹೋಗಬಾರದು. ಭ್ರೂಣಲಿಂಗ ಪತ್ತೆ 1994ರ ಕಾಯ್ದೆಯಡಿ ಅಪರಾಧ. ಉತ್ತರ ಕೊಟ್ಟವರಿಗೂ ನಿಮಗೂ ಅಪಾಯ.

ಅಂಕಿಅಂಶಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019–21) ನೋಡಿ. ಜಿಲ್ಲಾವಾರು ಪಟ್ಟಿಗಳಲ್ಲಿ ಮದುವೆಯ ವಯಸ್ಸು, ಕುಟುಂಬ ಯೋಜನೆಯ ವಿಧಾನ ಇತ್ಯಾದಿ ಸಿಗುತ್ತವೆ. ಲೈಂಗಿಕ ನಡವಳಿಕೆಯ ಪ್ರಶ್ನೆಗಳನ್ನು ಕೇಳಿದ್ದು ಶೇ 15ರಷ್ಟು ಮನೆಗಳಲ್ಲಿ ಮಾತ್ರ, ಅದರ ಫಲಿತಾಂಶ ರಾಜ್ಯಮಟ್ಟಕ್ಕೆ ಮಾತ್ರ ಅನ್ವಯ. “ಸಮೀಕ್ಷೆ ಪ್ರಕಾರ ಮಂಡ್ಯ ಜಿಲ್ಲೆಯಲ್ಲಿ ವಿವಾಹಪೂರ್ವ ಸಂಬಂಧ ಇಷ್ಟು” ಎಂದು ಯಾರಾದರೂ ಬರೆದಿದ್ದರೆ ಅದು ಅಲ್ಲಿಂದ ಬಂದದ್ದಲ್ಲ.

ಸಮುದಾಯಗಳ ಬಳಿ ಹೋಗುವಾಗ ಸಂಘಟನೆಯ ಮೂಲಕ ಹೋಗಿ. ಮೈಸೂರಿನ ಆಶೋದಯ ಸಮಿತಿ ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡದ್ದು. ಸಂಶೋಧಕರನ್ನು ಬೇಕಾದಷ್ಟು ನೋಡಿದವರು. ಏನು ಕೇಳುತ್ತೀರಿ, ಏಕೆ, ಫಲಿತಾಂಶ ಅವರಿಗೆ ಹೇಗೆ ವಾಪಸ್ ಕೊಡುತ್ತೀರಿ ಎಂದು ಬರೆದ ಒಂದು ಪುಟದ ಪತ್ರ ಇಲ್ಲದೆ ಯಾವ ಸಂಘಟನೆಯ ಬಾಗಿಲನ್ನೂ ತಟ್ಟಬೇಡಿ. ‘ಬೇಡ’ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೇರವಾಗಿ ಜನರನ್ನು ಹಿಡಿಯುವ ಕೆಲಸವಂತೂ ಬೇಡವೇ ಬೇಡ.

5. ಅನುಮತಿ ಮತ್ತು ಕಾನೂನು

ಮನುಷ್ಯರ ಮೇಲಿನ ಯಾವುದೇ ಆರೋಗ್ಯ ಅಧ್ಯಯನಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅನುಸರಿಸಬೇಕಾದ ದಾಖಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ. ಅರ್ಜಿಯೊಂದಿಗೆ ಪ್ರಶ್ನಾವಳಿ (ಕನ್ನಡದ್ದೇ), ಒಪ್ಪಿಗೆ ಪತ್ರ, ಯಾರಾದರೂ ಅತ್ತರೆ–ಕುಸಿದರೆ ಎಲ್ಲಿಗೆ ಕಳಿಸುತ್ತೀರಿ ಎಂಬ ವಿವರ, ಇಷ್ಟೂ ಇರಲಿ. ಮೂರನೆಯದು ಇಲ್ಲದೆ ಅರ್ಜಿ ವಾಪಸ್ ಬರುವುದೇ ಹೆಚ್ಚು.

ವಯಸ್ಸು 18 ತುಂಬಿದವರನ್ನು ಮಾತ್ರ ತೆಗೆದುಕೊಳ್ಳಿ. ಪಿಯುಸಿ ಮಕ್ಕಳ ಮೇಲೆ ಮಾಡುತ್ತೇವೆ ಎಂದು ಹಟ ಹಿಡಿಯುವವರು ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ (2012) ಓದಬೇಕು. 18ರ ಒಳಗಿನವರ ಒಪ್ಪಿಗೆಗೆ ಆ ಕಾಯ್ದೆಯಲ್ಲಿ ಬೆಲೆಯಿಲ್ಲ. ಅಪರಾಧ ನಡೆದಿರುವುದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು ಎಂದು 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ‘ಗುಟ್ಟಾಗಿ ಇಡುತ್ತೇನೆ’ ಎಂದು ಮಗುವಿಗೆ ಮಾತು ಕೊಟ್ಟು ಆಮೇಲೆ ಠಾಣೆಗೆ ಹೋಗುವುದು, ಅಥವಾ ಹೋಗದೆ ಕಾನೂನು ಮುರಿಯುವುದು: ಎರಡೂ ಕೆಟ್ಟದ್ದೇ. ಆ ಇಕ್ಕಟ್ಟಿಗೆ ವಿದ್ಯಾರ್ಥಿ ಸಿಲುಕಬಾರದು.

ವಯಸ್ಕರನ್ನು ಕೇಳುವಾಗಲೂ ಇದು ನುಸುಳುತ್ತದೆ. “ಮೊದಲ ಸಂಪರ್ಕ ಆದಾಗ ವಯಸ್ಸೆಷ್ಟು?” ಎಂಬ ಸಾಮಾನ್ಯ ಪ್ರಶ್ನೆಗೆ 19ರ ಹುಡುಗಿ “ಹದಿನಾರು, ಮಾವನ ಮಗನ ಜೊತೆ” ಎಂದಳೆಂದರೆ ನಿಮ್ಮ ಕೈಯಲ್ಲಿ ಹೆಸರು ಗುರುತಿರುವ ಮಾಹಿತಿ ಬಂದಂತಾಯಿತು. ಈ ಪ್ರಶ್ನೆ ಬೇಕೇ ಬೇಕಿದ್ದರೆ ಉತ್ತರಿಸಿದವರು ಯಾರೆಂದು ನಿಮಗೂ ಗೊತ್ತಾಗದ ವಿಧಾನದಲ್ಲಿ (ಏಳನೇ ಹಂತ ನೋಡಿ) ಕೇಳಿ, ಸಮಿತಿಗೂ ಮೊದಲೇ ಹೇಳಿ. ಎಲ್ಲಿ ಗುಟ್ಟು ಉಳಿಸಲಾಗದು ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಸರಳ ಮಾತಿನಲ್ಲಿ ಬರೆಯಿರಿ.

ಸಲಿಂಗಿಗಳ ಬಗ್ಗೆ ಅಧ್ಯಯನ ಮಾಡಿದರೆ ಕೇಸ್ ಆಗುತ್ತದೆಯೇ ಎಂದು ಈಗಲೂ ಕೇಳುತ್ತಾರೆ. ವಯಸ್ಕರ ಒಪ್ಪಿತ ಸಂಬಂಧ ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪಿನಿಂದಾಚೆಗೆ ಅಪರಾಧವಲ್ಲ. ಎಚ್‌ಐವಿ ಇರುವವರ ಗುರುತು ಬಯಲು ಮಾಡುವುದು ಮಾತ್ರ 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಪ್ಪು.

6. ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದು

ಇಂಗ್ಲಿಷ್ ಮಾಪಕವನ್ನು ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಲಿ, ಕೂತು ಒಂದು ಮಾಡಲಿ. ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ. ಮೂಲಕ್ಕೂ ಅದಕ್ಕೂ ಎಲ್ಲಿ ಎಡವಟ್ಟಾಯಿತು ನೋಡಿ. ಮಾಪಕ ಮಾಡಿದವರ ಅನುಮತಿಯೂ ಬೇಕು.

ಇಷ್ಟಾದ ಮೇಲೆ ಆರೆಂಟು ಜನರ ಮುಂದೆ ಓದಿ, ಉತ್ತರ ಕೇಳಬೇಡಿ, “ಈ ಪ್ರಶ್ನೆ ಏನು ಕೇಳ್ತಾ ಇದೆ ಅನ್ನಿಸ್ತು?” ಎಂದು ಕೇಳಿ. ‘ಲೈಂಗಿಕ ಸಂಪರ್ಕ’ ಎಂಬುದು ಆಫೀಸಿನ ಮಾತು. ಹಳ್ಳಿಯಲ್ಲಿ ಕೆಲವರಿಗೆ ಅದು ಅತ್ಯಾಚಾರದ ಸುದ್ದಿ ನೆನಪಿಸುತ್ತದೆ. ‘ಸಂಸಾರ ಮಾಡೋದು’ ಎಂದರೆ ಮನೆ ನಡೆಸುವುದೂ ಆಗಬಹುದು. ‘ಗಂಡ ಹೆಂಡತಿ ಸೇರೋದು’ ಮದುವೆಯಾದವರಿಗೆ ಸರಿ, ಆಗದವರಿಗೆ ನಡೆಯದು. ಮೈಸೂರಿನ ಹಾಸ್ಟೆಲ್ ಹುಡುಗಿಯರಿಗೆ ‘ಪೀರಿಯಡ್ಸ್’ ಎಂದರೆ ಸಾಕು, ಅವರ ಅಜ್ಜಿಗೆ ‘ಹೊರಗೆ ಕೂತಾಗ’. ಯಾವ ಗುಂಪಿಗೆ ಯಾವ ಮಾತು ಎಂದು ತೀರ್ಮಾನಿಸಿ, ಆಮೇಲೆ ಕೊನೆಯವರೆಗೂ ಬದಲಿಸಬೇಡಿ.

‘ಧಾತು ಹೋಗುತ್ತೆ’, ‘ಬಿಳಿಸೆರಗಿನಿಂದ ಮೈ ಇಳಿದಿದೆ’ ಎಂಬ ಮಾತುಗಳು ಖಂಡಿತ ಬರುತ್ತವೆ. ವೀರ್ಯ ಹೋಗಿ ನಿಶ್ಶಕ್ತಿಯಾಗಿದೆ ಎಂಬ ಸಂಕಟವನ್ನು ಧಾತು ಸಿಂಡ್ರೋಮ್ ಎಂದು 1960ರಲ್ಲಿ ಹೆಸರಿಟ್ಟವರು ಮನೋವೈದ್ಯ ಎನ್.ಎನ್. ವಿಗ್. ವೀರ್ಯ ಹೋದರೆ ದೇಹ ಸೊರಗದು. ಆದರೆ ಸಂದರ್ಶನದ ನಡುವೆ ವಾದಕ್ಕಿಳಿಯಬೇಡಿ. ಅವರ ಮಾತನ್ನು ಅವರದೇ ಪದದಲ್ಲಿ ಬರೆದುಕೊಳ್ಳಿ, ತಿಳಿವಳಿಕೆ ಹೇಳುವುದಿದ್ದರೆ ಕೊನೆಗೆ. ಬಿಳಿಸೆರಗು ಕೆಲವೊಮ್ಮೆ ಸೋಂಕೂ ಆಗಿರಬಹುದು, ವಾಸನೆ–ತುರಿಕೆ ಇದ್ದರೆ ಆಸ್ಪತ್ರೆಗೆ ಕಳಿಸಿ.

7. ಕೇಳುವ ವಿಧಾನ

ಎದುರು ಕೂತು ಹೌದೋ ಅಲ್ಲವೋ ಎಂದು ಕೇಳಿದರೆ ಜನ ಒಳ್ಳೆಯವರಾಗಿ ಕಾಣುವ ಉತ್ತರ ಕೊಡುತ್ತಾರೆ. ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಎಸೆದರೆ ಬರುವುದು ವಿಷಯದಲ್ಲಿ ಆಸಕ್ತಿ ಇರುವವರ ಉತ್ತರ ಮಾತ್ರ. ಆಲ್‌ಫ್ರೆಡ್ ಕಿನ್ಸಿ ಎಂಬ ಅಮೆರಿಕದ ಸಂಶೋಧಕ ಲೈಂಗಿಕ ನಡವಳಿಕೆ ಕುರಿತ 1948ರ ವರದಿಗೆ ಸಾವಿರಾರು ಗಂಡಸರ ಸಂದರ್ಶನ ಸೇರಿಸಿದರೂ ಅದರಲ್ಲಿ ತಾವಾಗಿ ಬಂದವರು, ಜೈಲಿನಲ್ಲಿದ್ದವರು ಹೆಚ್ಚಾಗಿದ್ದರು. ಸಂಖ್ಯಾಶಾಸ್ತ್ರಜ್ಞರು ಹಿಡಿದದ್ದು ಅದನ್ನೇ. 1994ರಲ್ಲಿ ಬಂದ ಅಮೆರಿಕದ ಸಮೀಕ್ಷೆಯಲ್ಲಿ ಇದ್ದದ್ದು 3,432 ಜನ ಮಾತ್ರ. ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ ಆರಿಸಿದ್ದರಿಂದ ಅದಕ್ಕೇ ಹೆಚ್ಚು ತೂಕ.

ಅನುಭವ, ಕಾರಣ, ಭಾವನೆ ಬೇಕಿದ್ದರೆ ಒಬ್ಬೊಬ್ಬರ ಸಂದರ್ಶನ: 12ರಿಂದ 20 ಜನ, ತಲಾ ಒಂದು ಗಂಟೆ. ‘ಎಷ್ಟು ಜನ’ ಎಂಬುದು ಬೇಕಿದ್ದರೆ ಮತಗಟ್ಟೆ ಸಮೀಕ್ಷೆ. ಕರ್ನಾಟಕದ ಎಚ್‌ಐವಿ ತಡೆ ಕಾರ್ಯಕ್ರಮಗಳಲ್ಲಿ ಬಳಸಿದ ವಿಧಾನ ಇದು. ಮುಖಾಮುಖಿ ಕೇಳಿದ್ದಕ್ಕಿಂತ ಇದರಲ್ಲಿ ಸೂಕ್ಷ್ಮ ನಡವಳಿಕೆಗಳನ್ನು ಹೆಚ್ಚು ಜನ ಒಪ್ಪಿಕೊಂಡರು. ಮಾಡುವ ಕ್ರಮ ಹೀಗೆ.

ಒಂದೇ ಲಿಂಗದ, ಹತ್ತಿರದ ವಯಸ್ಸಿನ 10–12 ಜನರನ್ನು ಒಂದು ಕೋಣೆಯಲ್ಲಿ ದೂರ ದೂರ ಕೂರಿಸಿ. ಶಾಲೆಯ ಕೊಠಡಿ ಭಾನುವಾರ ಸಿಕ್ಕರೆ ಒಳ್ಳೆಯದು. ಪ್ರತಿಯೊಬ್ಬರ ಸುತ್ತ ರಟ್ಟಿನ ಮರೆ. ಪ್ರತಿಯೊಬ್ಬರಿಗೂ ಪ್ರಶ್ನೆಯ ಸಂಖ್ಯೆ ಬರೆದ ಚೀಟಿಗಳ ಕಟ್ಟು ಮತ್ತು ಮೂರು ಡಬ್ಬ: ಹೌದು ಎಂದರೆ ಹಸಿರು, ಇಲ್ಲ ಎಂದರೆ ಕೆಂಪು, ನನಗೆ ಅನ್ವಯಿಸುವುದಿಲ್ಲ ಎಂದರೆ ಬಿಳಿ. ನೀವು ಒಂದನೇ ಪ್ರಶ್ನೆಯನ್ನು ಎರಡು ಸಲ ಓದಿ. ಎಲ್ಲರೂ ಒಂದನೇ ಚೀಟಿ ಹಾಕಲಿ. ಮೊದಲ ಪ್ರಶ್ನೆ ಅಭ್ಯಾಸದ್ದಾಗಿರಲಿ: “ಇವತ್ತು ಬೆಳಿಗ್ಗೆ ಕಾಫಿ ಕುಡಿದಿರಾ?” ಕೊನೆಗೆ ಒಂದೇ ಬಣ್ಣದ ಡಬ್ಬಗಳನ್ನೆಲ್ಲ ಒಟ್ಟಿಗೆ ಸುರಿದು ಅವರೆದುರಿಗೇ ಕಲಸಿ. ಯಾರು ಏನು ಹಾಕಿದರೆಂದು ನಿಮಗೂ ಗೊತ್ತಾಗುವುದಿಲ್ಲ.

ಕೆಡುವುದು ಎಲ್ಲಿ? ಎಂಟಕ್ಕಿಂತ ಕಡಿಮೆ ಜನರಾದರೆ ಊಹೆಗೆ ಸಿಗುತ್ತದೆ. ಹದಿನೈದಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದರೆ ಚೀಟಿ ಅದಲುಬದಲಾಗುತ್ತವೆ. “ಕಾಂಡೋಮ್ ಬಳಸಿ ಗುಟ್ಟಾಗಿ ಇಟ್ಟಿದ್ದೀರಾ?” ಎಂಬಂಥ ಜೋಡಿ ಪ್ರಶ್ನೆಗೆ ಹೌದು ಎಂದರೂ ಅರ್ಥವಿಲ್ಲ, ಇಲ್ಲ ಎಂದರೂ ಇಲ್ಲ. ಆಶಾ ಕಾರ್ಯಕರ್ತೆ ಕೋಣೆಯೊಳಗೆ ನಿಂತಿದ್ದರೆ ಅವರ ಊರಿನ ಹೆಂಗಸರು ಹಸಿರು ಡಬ್ಬ ಮುಟ್ಟುವುದಿಲ್ಲ. ಜನರನ್ನು ಕರೆತಂದ ಮೇಲೆ ಅವರು ಹೊರಗಿರಲಿ. ಮುಖ್ಯವಾಗಿ, ಈ ವಿಧಾನದಲ್ಲಿ ಒಬ್ಬರ ಎರಡು ಉತ್ತರಗಳನ್ನು ಜೋಡಿಸಲಾಗದು. ‘ಹೆಚ್ಚು ಓದಿದವರು ಕಾಂಡೋಮ್ ಹೆಚ್ಚು ಬಳಸುತ್ತಾರೆಯೇ’ ತಿಳಿಯಬೇಕಿದ್ದರೆ ಓದಿದವರ ಗುಂಪು, ಓದದವರ ಗುಂಪು ಎಂದು ಮೊದಲೇ ಬೇರೆ ಮಾಡಬೇಕು.

8. ಎಷ್ಟು ಜನ ಸಾಕು?

ಯಾದೃಚ್ಛಿಕವಾಗಿ ಆರಿಸಿದರೆ, ಶೇ 95ರ ಭರವಸೆಯಲ್ಲಿ, ಶೇಕಡಾವಾರಿಗೆ ಐದು ಅಂಕ ಆಚೀಚೆ ಸಾಕೆಂದರೆ 384 ಜನ. ಹತ್ತು ಅಂಕ ಆಚೀಚೆ ಪರವಾಗಿಲ್ಲವೆಂದರೆ 96. ಗುಂಪುಗಳಲ್ಲಿ ಕರೆತಂದರೆ ಒಂದೇ ಬೀದಿಯವರ ಉತ್ತರ ಒಂದೇ ಥರ ಇರುವುದರಿಂದ ಇದನ್ನು ಒಂದೂವರೆ, ಎರಡು ಪಟ್ಟು ಮಾಡಬೇಕು. ಸಿಕ್ಕವರನ್ನು ಹಿಡಿದು ಮಾಡಿದ್ದಕ್ಕೆ ಈ ಸೂತ್ರವನ್ನು ಪ್ರಬಂಧದಲ್ಲಿ ಹಾಕಬೇಡಿ. ಅದು ಅಲಂಕಾರ ಅಷ್ಟೇ, ಪರೀಕ್ಷಕರಿಗೆ ಗೊತ್ತಾಗುತ್ತದೆ.

9. ಕೂತು ಕೇಳುವ ದಿನ

ಹೆಂಗಸರನ್ನು ಅವರ ಮನೆಯಲ್ಲೇ ಕೇಳಬೇಡಿ. ಅತ್ತೆ ಕಾಫಿ ತಂದುಕೊಡುತ್ತಾ ನಾಲ್ಕು ಸಲ ಬರುತ್ತಾರೆ. ಅಂಗನವಾಡಿ, ಸ್ವಸಹಾಯ ಸಂಘದ ಕೋಣೆ ಒಳ್ಳೆಯದು. ಗದ್ದೆ ಕೆಲಸ ಮುಗಿದ ಮಧ್ಯಾಹ್ನ ಮೂರರ ಸುಮಾರು. ಗಂಡಸರು ಸಂಜೆ ಕುಡಿದು ಬಂದಿದ್ದರೆ ಆ ದಿನ ಬಿಡಿ. ಒಪ್ಪಿಗೆಗೆ ಕುಡಿದವರ ಸಹಿ ನಡೆಯದು.

ವಯಸ್ಸು, ಕೆಲಸ, ಮದುವೆಯ ಪ್ರಶ್ನೆಗಳಿಂದ ಶುರುಮಾಡಿ, ಸೂಕ್ಷ್ಮವಾದವು ನಡುವೆ ಬರಲಿ, ಕೊನೆಗೆ ಮತ್ತೆ ಹಗುರವಾದದ್ದು. “ಇದನ್ನು ಬಿಟ್ಟು ಮುಂದಿನದಕ್ಕೆ ಹೋಗೋಣವಾ?” ಎಂದು ಕನಿಷ್ಠ ಎರಡು ಸಲ ನೀವೇ ಕೇಳಿ. ಅತ್ತರೆ ರೆಕಾರ್ಡರ್ ನಿಲ್ಲಿಸಿ. ಮನಸ್ಸಿನ ಸಂಕಟಕ್ಕೆ ಟೆಲಿ–ಮಾನಸ್ 14416, ಎಚ್‌ಐವಿ ವಿಚಾರಕ್ಕೆ 1097, ಹೆಂಗಸರ ಸಹಾಯವಾಣಿ 181, ಮಕ್ಕಳ ವಿಷಯಕ್ಕೆ 1098: ಈ ಸಂಖ್ಯೆಗಳ ಚಿಕ್ಕ ಚೀಟಿ ಅತ್ತವರಿಗೆ ಮಾತ್ರವಲ್ಲ, ಎಲ್ಲರಿಗೂ ಕೊಡಿ. ಹದಿಹರೆಯದವರ ಬಗ್ಗೆ ಕೇಳಿದರೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಹೇಳಿ. ಚೀಟಿಯಲ್ಲಿ ಪ್ರಾಜೆಕ್ಟಿನ ಹೆಸರು ಮಾತ್ರ ಬೇಡ. ಮನೆಯಲ್ಲಿ ಯಾರಾದರೂ ನೋಡಿಯಾರು.

ಸಂದರ್ಶನ ಮಾಡುವವರನ್ನೇ ಕೆಣಕುವ ಗಂಡಸರೂ ಸಿಗುತ್ತಾರೆ. “ನೀವು ಹೇಗೆ ಮೇಡಂ?” ಎಂದು ಶುರುವಾದರೆ ಒಂದು ಸಲ ಪ್ರಶ್ನೆಗೆ ವಾಪಸ್ ತನ್ನಿ, ಎರಡನೇ ಸಲಕ್ಕೆ ಧನ್ಯವಾದ ಹೇಳಿ ಎದ್ದುಬಿಡಿ. ನಿಮ್ಮ ಸ್ವಂತ ಫೋನ್ ನಂಬರ್ ಯಾರಿಗೂ ಬೇಡ. ವಿಭಾಗದ ನಂಬರ್ ಕೊಡಿ.

10. ಬರೆಯುವುದು, ಆಮೇಲೆ ಅಳಿಸುವುದು

ಫಲಿತಾಂಶ ಬರೆಯುವಾಗ ಪ್ರತಿ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಜೈ, ಮಾ, ಸಾ ಎಂದು ಗುರುತು ಹಾಕಿ. ನೀವು ಅಳೆದ ಪದರ ‘ಸಾ’ ಆಗಿದ್ದು, ವಾಕ್ಯದ ಪಕ್ಕ ‘ಜೈ’ ಬಿದ್ದರೆ ಅದು ಬೇರೆಯವರ ಅಧ್ಯಯನದ ಮಾತಾಗಿರಬೇಕು, ಅಥವಾ ತೆಗೆದುಹಾಕಬೇಕು. ‘ಸಂಬಂಧವಿದೆ’ ಎಂಬುದನ್ನು ‘ಕಾರಣವಾಗಿದೆ’ ಎಂದು ಬರೆದ ಕಡೆಗಳನ್ನೂ ಇದೇ ಓದಿನಲ್ಲಿ ಹಿಡಿಯಬಹುದು. ಊರಿನ ಹೆಸರು ತೆಗೆದು ‘ಗ್ರಾಮ ಅ’ ಎಂದಿಟ್ಟರೆ ಸಾಲದು. ‘ಮೂರು ಮಕ್ಕಳ ತಂದೆ, ಡೇರಿ ಕಾರ್ಯದರ್ಶಿ’ ಎಂದು ಬರೆದರೆ ಇಡೀ ಹೋಬಳಿಗೆ ಗೊತ್ತಾಗುತ್ತದೆ. ‘ಸಹಕಾರ ಸಂಸ್ಥೆಯಲ್ಲಿ ಕೆಲಸ’ ಸಾಕು.

ಒಪ್ಪಿಗೆ ಪತ್ರಗಳನ್ನು ಉತ್ತರಪತ್ರಿಕೆಗಳ ಜೊತೆ ಇಡಬೇಡಿ, ಬೇರೆ ಬೀರುವಿನಲ್ಲಿ, ಗೈಡ್ ಬಳಿ ಇರಲಿ. ಮತಗಟ್ಟೆಯ ಚೀಟಿಗಳನ್ನು ಎಣಿಕೆ ಎರಡು ಸಲ ಆದ ಮೇಲೆ ಹರಿದುಹಾಕಿ. ಧ್ವನಿಮುದ್ರಿಕೆಯನ್ನು ಬರಹಕ್ಕಿಳಿಸಿ ಗೈಡ್ ನೋಡಿದ ನಂತರ, ಸಮಿತಿ ಹೇಳಿದ ಅವಧಿ ಮುಗಿದ ಮೇಲೆ ಅಳಿಸಬೇಕು. ಅಳಿಸುವಾಗ ಫೋನಿನಿಂದ ಮಾತ್ರ ಅಳಿಸಿದರೆ ಆಗದು. ಗೂಗಲ್ ಡ್ರೈವ್‌ಗೆ ತಾನಾಗಿ ಹೋಗಿರುವ ಬ್ಯಾಕಪ್, ಅದರ ಕಸದ ಬುಟ್ಟಿ, ಟೈಪ್ ಮಾಡಲು ಸ್ನೇಹಿತರಿಗೆ ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ, ಈ ಮೂರನ್ನೂ ನೋಡಿ. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಫೈಲನ್ನು ನಿಮ್ಮೆದುರೇ ಅಳಿಸಿಸಿ.